ತಪ್ಪು ಕಾಫಿ ಕೊಟ್ಟರೂ ಗಿರಾಕಿಗಳು ಸುಮ್ನೆ ಕುಡಿದು ಹೋಗ್ತಾರೆ, ಏನು ಮಾಡಲಿ?

ಆರು ಮೇಜು (ಪ್ರಶ್ನೆ ಕೇಳಿದವರು)

ನನ್ನದು ಆರೇ ಮೇಜಿನ ಸಣ್ಣ ಕೆಫೆ. ಮೂರು ತಿಂಗಳ ಹಿಂದೆ ಇಬ್ಬರನ್ನು ಕೆಲಸಕ್ಕೆ ತೆಗೆದುಕೊಂಡೆ. ಕಾಫಿ ಮಷೀನಿನ ಮುಂದೆ ನಿಲ್ಲುವವನಿಗೆ ಕಿವಿ ಕೇಳಿಸುವುದಿಲ್ಲ. ಮೇಜು ನೋಡಿಕೊಳ್ಳುವವಳಿಗೆ ಡೌನ್ ಸಿಂಡ್ರೋಮ್ ಇದೆ. ಇಬ್ಬರಿಗೂ ಬೇರೆಯವರಿಗೆ ಕೊಡುವಷ್ಟೇ ಸಂಬಳ. ಎಲ್ಲರೂ ಮೊದಲು ಅದನ್ನೇ ಕೇಳುತ್ತಾರೆ, ಅದಕ್ಕೆ ಹೇಳಿಬಿಟ್ಟೆ.

ಕಾಫಿ ಮಾಡುವವನ ಬಗ್ಗೆ ನನಗೆ ಚಿಂತೆಯಿಲ್ಲ. ಕಷ್ಟ ಇರುವುದು ಮೇಜಿನ ಕಡೆ. ಬೆಳಿಗ್ಗೆ ಎಂಟರಿಂದ ಒಂಬತ್ತೂವರೆವರೆಗೆ ಜನ ಜಾಸ್ತಿ. ಎರಡು ಮೇಜಿನವರು ಒಟ್ಟಿಗೆ ಕರೆದರೆ ಅವಳು ಟ್ರೇ ಹಿಡಿದು ನಡುವೆಯೇ ನಿಂತುಬಿಡುತ್ತಾಳೆ. ಒಮ್ಮೊಮ್ಮೆ ಕಪ್ ಅದಲುಬದಲಾಗುತ್ತದೆ. ಅದೇನು ದೊಡ್ಡದಲ್ಲ, ನಾನೂ ಮಾಡಿದ್ದೇನೆ.

ನನ್ನ ತಲೆನೋವು ಬೇರೆ. ಕಳೆದ ವಾರ ಒಬ್ಬರು ಸಕ್ಕರೆ ಬೇಡ ಅಂದಿದ್ದರು. ಅವರಿಗೆ ಹೋಗಿದ್ದು ಪಕ್ಕದ ಮೇಜಿನ ಸಕ್ಕರೆ ಹಾಕಿದ ಕಾಫಿ. ಒಂದು ಗುಟುಕು ಕುಡಿದು ಮುಖ ಕಿವುಚಿದರು. ಅವಳು ಬಂದು "ಚೆನ್ನಾಗಿದೆಯಾ?" ಎಂದಾಗ ಮಾತ್ರ "ತುಂಬಾ ಚೆನ್ನಾಗಿದೆ ಪುಟ್ಟಿ" ಎಂದರು. ಅರ್ಧ ಕಪ್ ಬಿಟ್ಟು ಎದ್ದರು. ಹೋಗುವಾಗ ನನ್ನ ಹತ್ತಿರ ಬಂದು, ಅವಳಿಗೆ ಕೇಳಿಸುವ ಹಾಗೆಯೇ, "ಪಾಪ, ಇಂಥವರಿಗೆ ಕೆಲಸ ಕೊಟ್ಟು ಪುಣ್ಯ ಕಟ್ಟಿಕೊಂಡಿರಿ" ಎಂದರು. ಮತ್ತೆ ಈ ಕಡೆ ತಲೆ ಹಾಕಿಲ್ಲ. ಅಂದಹಾಗೆ ಪುಟ್ಟಿಗೆ 26 ವರ್ಷ.

ಬೇರೆ ಯಾರಾದರೂ ತಂದಿದ್ದರೆ "ಏನ್ರೀ ಇದು, ಬದಲಾಯಿಸಿ" ಅನ್ನುತ್ತಿದ್ದರು ಅಲ್ವಾ? ಬೈಯುವ ಗಿರಾಕಿಯನ್ನು ಹೇಗೋ ಸಂಭಾಳಿಸಬಹುದು. ಈ ಅಯ್ಯೋ ಪಾಪ ಗಿರಾಕಿಯನ್ನು ಏನು ಮಾಡುವುದು? ತಪ್ಪಾಗಿದೆ ಅಂತ ಯಾರೂ ಹೇಳದಿದ್ದರೆ ಅವಳು ಕಲಿಯುವುದು ಹೇಗೆ?

ಹಳೇ ಸೂಪರ್‌ವೈಸರ್

ಮೊದಲು ನಡುವೆ ನಿಲ್ಲುವ ವಿಷಯ. ಆರ್ಡರ್ ನೆನಪಿಟ್ಟುಕೊಳ್ಳುವ ಕೆಲಸವನ್ನೇ ಅವರಿಂದ ತೆಗೆದುಬಿಡಿ. ಪ್ರತಿ ಮೇಜಿಗೂ ಒಂದು ಬಣ್ಣ ಕೊಡಿ. ಅದೇ ಬಣ್ಣದ ಟ್ರೇ, ಅದೇ ಬಣ್ಣದ ಚೀಟಿ. ಚೀಟಿಯಲ್ಲಿ ಚಿತ್ರಗಳಿರಲಿ: ದೊಡ್ಡ ಕಪ್, ಸಣ್ಣ ಕಪ್, ಹಾಲು, ಸಕ್ಕರೆ. ಗುರುತು ಹಾಕುವುದು ಗಿರಾಕಿಯ ಕೆಲಸ. ಕಾಫಿ ಬರುವಾಗ ಚೀಟಿಯೂ ಜೊತೆಗೆ ಮೇಜಿಗೆ ವಾಪಸ್ ಬರಬೇಕು.

ಒಂದು ಮೇಜು ಮುಗಿಯುವ ತನಕ ಇನ್ನೊಂದಕ್ಕೆ ಹೋಗುವುದು ಬೇಡ. ಕರೆದವರಿಗೆ ಒಂದು ಬೆರಳು ತೋರಿಸಿದರೆ ಸಾಕು, "ಬಂದೆ" ಅಂತ ಗೊತ್ತಾಗುತ್ತದೆ. ಮಧ್ಯಾಹ್ನ ಖಾಲಿ ಇರುವಾಗ ನೀವೇ ಗಿರಾಕಿಯಾಗಿ ಕೂತು ಅಭ್ಯಾಸ ಮಾಡಿಸಿ. ಬಾಯಲ್ಲಿ ಹತ್ತು ಸಲ ಹೇಳುವ ಬದಲು ಎರಡು ಸಲ ಮಾಡಿ ತೋರಿಸಿ.

ಇನ್ನೊಂದು. "ಚೆನ್ನಾಗಿದೆಯಾ?" ಅನ್ನುವ ಪ್ರಶ್ನೆಯೇ ಸರಿಯಿಲ್ಲ. ಅದಕ್ಕೆ ಯಾರೂ ಮುಖದ ಮೇಲೆ ಇಲ್ಲ ಅನ್ನುವುದಿಲ್ಲ. "ಚೀಟಿಯಲ್ಲಿ ಇರೋದೇ ಬಂದಿದೆಯಾ?" ಅಂತ ಕೇಳಲು ಹೇಳಿಕೊಡಿ.

ಹಬೆ

ನನಗೂ ಕಿವಿ ಕೇಳಿಸುವುದಿಲ್ಲ. ಒಂಬತ್ತು ವರ್ಷದಿಂದ ಕಾಫಿ ಮಾಡುತ್ತಿದ್ದೇನೆ. ನಿಮ್ಮ ಕಾಫಿಯವನ ಬಗ್ಗೆ ಚಿಂತೆಯಿಲ್ಲ ಅಂದಿರಲ್ಲ, ಸ್ವಲ್ಪ ಇರಲಿ.

ಹಾಲು ಕಾಯಿಸುವಾಗ ಬೇರೆಯವರು ಸದ್ದು ಕೇಳುತ್ತಾರೆ. ನನ್ನ ಒಂದು ಅಂಗೈ ಯಾವಾಗಲೂ ಜಗ್ಗಿನ ಮೇಲೆ. ಇನ್ನು ಕೈ ಇಡಲು ಆಗದು ಅನ್ನಿಸಿದಾಗ, ಅಂದರೆ ಸುಮಾರು 60 ಡಿಗ್ರಿಗೆ, ಹಬೆ ನಿಲ್ಲಿಸುತ್ತೇನೆ. ಇದಕ್ಕೆ ಕಿವಿ ಬೇಕಿಲ್ಲ. ಆದರೆ ಬೆನ್ನ ಹಿಂದೆ ಯಾರೋ ಬಿಸಿ ಹಾಲು ಹಿಡಿದು "ದಾರಿ ಬಿಡಿ" ಅಂದರೆ? ನನ್ನ ಮೊಣಕೈ ಮೇಲೆ ಇನ್ನೂ ಕಲೆಯಿದೆ. ಮಷೀನಿನ ಮೇಲೆ ಒಂದು ಕನ್ನಡಿ ಹಾಕಿಸಿ. ಬೆಂಕಿ ಅಲಾರಂಗೆ ಮಿನುಗುವ ದೀಪ ಇದೆಯಾ? ಟಾಯ್ಲೆಟ್ಟಿನಲ್ಲಿ? ಅಲ್ಲಿ ಭುಜ ತಟ್ಟಿ ಹೇಳಲು ಯಾರೂ ಇರುವುದಿಲ್ಲ.

2018ರಲ್ಲಿ ಸ್ಟಾರ್‌ಬಕ್ಸ್‌ನವರು ವಾಷಿಂಗ್ಟನ್‌ನಲ್ಲಿ ಸನ್ನೆ ಭಾಷೆಯ ಕೆಫೆ ತೆರೆದರು. ಅಲ್ಲಿ ಕೆಲಸದವರಿಗೆಲ್ಲ ಸನ್ನೆ ಬರುತ್ತದೆ. ಬಾರದ ಗಿರಾಕಿ ತನಗೆ ಬೇಕಾದ್ದನ್ನು ಬರೆದು ತೋರಿಸಬಹುದು. ನೀವೂ ಗಲ್ಲಾದ ಪಕ್ಕ ನಾಲ್ಕು ಸನ್ನೆಗಳ ಚಿತ್ರ ಅಂಟಿಸಿ: ಹಾಲು, ಸಕ್ಕರೆ, ಸಾಕು, "ಇದು ನನ್ನದಲ್ಲ". ಕೊನೆಯದು ಎಲ್ಲಕ್ಕಿಂತ ದೊಡ್ಡದಾಗಿರಲಿ.

ಲೆಕ್ಕದವನು

ಬೇಜಾರು ಮಾಡಿಕೊಳ್ಳಬೇಡಿ. ಬೆಳಗಿನ ಹೊತ್ತು ಆಕೆಯನ್ನು ಒಳಗೆ ಕಪ್ ತೊಳೆಯಲು ಹಾಕಿ. ಕೆಲಸಕ್ಕೆ ಓಡುವ ಅವಸರದಲ್ಲಿ ಇರುವವನಿಗೆ ಬಣ್ಣದ ಚೀಟಿ ಕೊಟ್ಟು ಪರೀಕ್ಷೆ ಬರೆಸಿದರೆ ಅವನು ಮುಂದಿನ ಕೆಫೆಗೆ ಹೋಗುತ್ತಾನೆ.

ಆರು ಮೇಜು

ಆ ಯೋಚನೆ ನನಗೂ ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಅವಳನ್ನೇ ಕೇಳಿದೆ. "ಪಾತ್ರೆ ಮನೆಯಲ್ಲೂ ತೊಳೀತೀನಿ" ಅಂದಳು. ನಾನು ಬಾಯಿ ಮುಚ್ಚಿಕೊಂಡೆ.

ಗಾಲಿಕುರ್ಚಿ ಗಲ್ಲಾ

ಲೆಕ್ಕದವರೇ, ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಪ್ಪಂದ 2006ರದ್ದು. ಅದರ 27ನೇ ವಿಧಿ ಕೆಲಸದ ಬಗ್ಗೆಯೇ ಇದೆ. ಕೆಲಸದ ಜಾಗವನ್ನು ಮನುಷ್ಯನಿಗೆ ಹೊಂದಿಸಿಕೊಡಿ ಅನ್ನುತ್ತದೆ. ಜನ ಬರುವ ಹೊತ್ತಿಗೆ ಒಳಗೆ ಬಚ್ಚಿಡಿ ಅಂತ ಎಲ್ಲೂ ಇಲ್ಲ.

ನಾನು ಸೇರಿದಾಗ ಕೌಂಟರ್ ನನ್ನ ಗದ್ದದ ಮಟ್ಟಕ್ಕಿತ್ತು. ಅದರ ಒಂದು ತುಂಡನ್ನು 80 ಸೆಂಟಿಮೀಟರಿಗೆ ಇಳಿಸಿ, ಕೆಳಗೆ ಮೊಣಕಾಲಿಗೆ ಜಾಗ ಬಿಟ್ಟರು. ಕುರ್ಚಿ ಪೂರ್ತಿ ತಿರುಗಲು ಹಿಂದೆ 150 ಸೆಂಟಿಮೀಟರ್ ಖಾಲಿ ಮಾಡಿದರು. ಒಬ್ಬ ಬಡಗಿ, ಎರಡು ದಿನ. ಟೋಕಿಯೊದಲ್ಲಿ 2021ರಿಂದ ಒಂದು ಕೆಫೆ ಇದೆ. ಮನೆಯಿಂದ ಹೊರಗೆ ಬರಲಾಗದವರು, ಹಾಸಿಗೆ ಹಿಡಿದವರು ಕೂಡ, ಮನೆಯಿಂದಲೇ ರೋಬೋಟ್ ನಡೆಸಿ ಗಿರಾಕಿಗಳ ಜೊತೆ ಮಾತಾಡುತ್ತಾರೆ, ಕೆಲಸ ಮಾಡುತ್ತಾರೆ. ಇವರಿಗೆ ಬೇಕಿರುವುದು ಬರೀ ಆರು ಟ್ರೇ.

ಆರು ಮೇಜು (ಎರಡು ವಾರದ ಮೇಲೆ)

ಕನ್ನಡಿ ಹಾಕಿಸಿದ್ದೇನೆ. ಟಾಯ್ಲೆಟ್ಟಿಗೆ ದೀಪ ಇರಲಿಲ್ಲ. ಹಬೆ ಅವರು ಕೇಳುವ ತನಕ ನನಗೆ ಹೊಳೆದೇ ಇರಲಿಲ್ಲ. ಈಗ ಆಗಿದೆ. ಟ್ರೇಗಳಲ್ಲಿ ಕೆಂಪು, ಕಿತ್ತಳೆ ಎರಡೂ ನಮ್ಮ ದೀಪದ ಕೆಳಗೆ ಒಂದೇ ಥರ ಕಾಣುತ್ತಿದ್ದವು. ಕಿತ್ತಳೆ ತೆಗೆದು ಬಿಳಿ ತಂದೆ. ನಡುವೆ ನಿಂತುಬಿಡುವುದು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. "ಪುಟ್ಟಿ" ಅನ್ನುವವರಂತೂ ಹಾಗೇ ಇದ್ದಾರೆ.

ನಿನ್ನೆ ನೀಲಿ ಮೇಜಿನ ಅಜ್ಜಿಯೊಬ್ಬರು ಅವಳನ್ನು ಕರೆದು ಚೀಟಿ ತೋರಿಸಿದರು. "ನಾನು ಹಾಲು ಬೇಡ ಅಂತ ಗುರುತು ಹಾಕಿದ್ದೆ, ನೋಡಮ್ಮ." ಅವಳು ಚೀಟಿ ನೋಡಿದಳು. ಕಪ್ ನೋಡಿದಳು. ಆಮೇಲೆ ಎರಡನ್ನೂ ಎತ್ತಿಕೊಂಡು ಸೀದಾ ಮಷೀನಿನ ಹತ್ತಿರ ಹೋಗಿ, ಚೀಟಿಯನ್ನು ಅವನ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು. ತಪ್ಪು ಅವನದು! ಅವನು ಎರಡೂ ಕೈ ಎತ್ತಿಬಿಟ್ಟ. ಹೊಸ ಕಾಫಿ ಆಗುವ ತನಕ ಅವಳು ಅಲ್ಲೇ ನಿಂತಿದ್ದಳು.