ನೋವೇ ಇಲ್ಲದ ಭುಜದಲ್ಲಿ ಕಪ್ಪು ಕಲೆ, ಟೆಂಡನ್ ಹರಿದಿದೆಯಾ?

ಪಿಜಿ_ಎರಡನೇ_ವರ್ಷ:
ಮೂಳೆ ವಿಭಾಗದಲ್ಲಿ ಪಿಜಿ ಮಾಡುತ್ತಿದ್ದೇನೆ. ಡ್ಯೂಟಿ ಮುಗಿದ ಮೇಲೆ ನಾವು ನಾವೇ ಒಬ್ಬರ ಭುಜ ಒಬ್ಬರು ಅಲ್ಟ್ರಾಸೌಂಡ್‌ನಲ್ಲಿ ನೋಡಿ ಕಲಿಯುತ್ತೇವೆ. ನಿನ್ನೆ ಗೆಳೆಯನ ಸುಪ್ರಾಸ್ಪೈನೇಟಸ್ (ಕೈ ಎತ್ತಲು ನೆರವಾಗುವ ಭುಜದ ಸ್ನಾಯು) ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ, ಮೂಳೆಗೆ ಅಂಟುವ ಜಾಗದಲ್ಲಿ ಕಪ್ಪು ಕಲೆ ಕಂಡಿತು, ನಾನು ಸುಮ್ನೆ ಇರದೆ ಹರಿದಿದೆ ಅಂದುಬಿಟ್ಟೆ. ಪಾಪ, ರಾತ್ರಿಯೆಲ್ಲ ಅವನಿಗೆ ನಿದ್ದೆಯಿಲ್ಲ. ನೋಡಿದರೆ ನೋವೂ ಇಲ್ಲ, ಕೈ ಎತ್ತಲು ತೊಂದರೆಯೂ ಇಲ್ಲ. ಇವತ್ತು ಇನ್ನಿಬ್ಬರ ಭುಜದಲ್ಲೂ ಅದೇ ಕಪ್ಪು! ಎಲ್ಲರದೂ ಹರಿದಿರಲು ಸಾಧ್ಯವಿಲ್ಲ ಅಲ್ವಾ? ಇನ್ನೊಂದು, ಅಲ್ಟ್ರಾಸೌಂಡ್ ಹಿಡಿದರೆ ಮುಟ್ಟಿ ನೋಡುವ ಅಭ್ಯಾಸ ಹೋಗುತ್ತದೆ ಅಂತ ಸೀನಿಯರ್ ಒಬ್ಬರು ಬೈಯುತ್ತಾರೆ. ನಿಜವೇ?

ಕತ್ತಲೆಕೋಣೆ:
ಮೊದಲು ಗೆಳೆಯನಿಗೆ ಫೋನ್ ಮಾಡಿ ಸಮಾಧಾನ ಹೇಳಿ. ಇದು ಬಹುತೇಕ ಅನೈಸೋಟ್ರೊಪಿ, ಅಂದರೆ ನೋಡುವ ಕೋನ ಬದಲಾದರೆ ಕಾಣುವುದೂ ಬದಲಾಗುವುದು. ಟೆಂಡನ್ ಎಳೆಗಳ ಮೇಲೆ ಶಬ್ದದ ಅಲೆ ನೇರ 90 ಡಿಗ್ರಿಯಲ್ಲಿ ಬಿದ್ದರೆ ಪ್ರೋಬ್‌ಗೇ (ಮೈಮೇಲೆ ಇಟ್ಟು ನೋಡುವ ಅಲ್ಟ್ರಾಸೌಂಡ್ ಹಿಡಿಕೆ) ವಾಪಸ್ ಬರುತ್ತದೆ, ಬೆಳ್ಳಗೆ ಕಾಣುತ್ತದೆ. ಸ್ವಲ್ಪ ಓರೆಯಾದರೂ ಅಲೆ ಬೇರೆ ಕಡೆ ಹೋಗುತ್ತದೆ, ಆ ಜಾಗ ಕಪ್ಪು. ಸುಪ್ರಾಸ್ಪೈನೇಟಸ್ ಕೊನೆಯಲ್ಲಿ ಬಾಗಿ ಮೂಳೆಗೆ ಅಂಟುವುದರಿಂದ ಹೊಸಬರೆಲ್ಲ ಎಡವುವುದು ಅಲ್ಲೇ. ಪ್ರೋಬ್ ಇದ್ದಲ್ಲೇ ಇಟ್ಟು, ಒಂದು ತುದಿ ಸ್ವಲ್ಪ ಒತ್ತಿ ಇನ್ನೊಂದು ತುದಿ ಸಡಿಲಿಸಿ ಓಲಾಡಿಸಿ. ಕಪ್ಪು ಬೆಳ್ಳಗಾದರೆ ಮುಗಿಯಿತು. ಯಾವ ಕೋನಕ್ಕೂ ಕಪ್ಪು ಹೋಗದೆ, ಪ್ರೋಬ್ ಉದ್ದಕ್ಕೂ ಅಡ್ಡಕ್ಕೂ ಹಿಡಿದಾಗ ಕಂಡರೆ ಮಾತ್ರ ಅನುಮಾನ ಪಡಿ.

ಮತ್ತೆ ಕೈ ಎಲ್ಲಿ ಇಡಿಸಿದ್ದಿರಿ? ಪ್ಯಾಂಟಿನ ಹಿಂದಿನ ಜೇಬಿನ ಮೇಲೆ ಅಂಗೈ ಇಟ್ಟು ಮೊಣಕೈ ಹಿಂದಕ್ಕೆ ಮಾಡಿಸಿ. ಇಲ್ಲದಿದ್ದರೆ ಟೆಂಡನ್‌ನ ಹೆಚ್ಚಿನ ಭಾಗ ಅಕ್ರೋಮಿಯನ್ (ಭುಜದ ತುದಿಯ ಮೂಳೆ) ಅಡಿಯಲ್ಲೇ ಅಡಗಿರುತ್ತದೆ.

ಜೆಲ್_ಜಾಸ್ತಿ_ಹಾಕಿ:
ಒತ್ತುವ ವಿಷಯಕ್ಕೆ ಒಂದು ಮಾತು. ಊದಿದ ಬೆರಳ ಗೆಣ್ಣಿಗೆ ಪವರ್ ಡಾಪ್ಲರ್ (ರಕ್ತದ ಓಟವನ್ನು ಬಣ್ಣದಲ್ಲಿ ತೋರಿಸುವ ಅಲ್ಟ್ರಾಸೌಂಡ್ ವಿಧಾನ) ಹಾಕಿ, ರಕ್ತ ಓಡಾಟವೇ ಇಲ್ಲ, ಉರಿಯೂತ ಇಲ್ಲ ಅಂತ ಬರೆದವನು ನಾನು. ಗುರುಗಳು ಬಂದು ನನ್ನ ಕೈಯನ್ನು ಮೇಲಕ್ಕೆ ಎತ್ತಿದರು ಅಷ್ಟೇ, ಕೆಂಪು ಚುಕ್ಕೆಗಳು ಬಂದವು. ಸಣ್ಣ ರಕ್ತನಾಳಗಳನ್ನು ನಾನೇ ಅದುಮಿ ಮುಚ್ಚಿದ್ದೆ.

ಹಳೇಕೈ:
ನಿಮ್ಮ ಸೀನಿಯರ್ ಬೈಯುವುದರಲ್ಲಿ ಅರ್ಧ ಸತ್ಯವಿದೆ. ಮುಟ್ಟದೆ ನೇರ ಪ್ರೋಬ್ ಹಿಡಿದರೆ ಹಾಳೇ. ನಾನು ಹುಡುಗರಿಗೆ ಮೊದಲು ಬೆರಳಲ್ಲಿ ಹುಡುಕಿಸುತ್ತೇನೆ, ಬೈಸೆಪ್ಸ್ ಟೆಂಡನ್ ಕೂರುವ ಕಾಲುವೆ ಇಲ್ಲಿದೆ ಅಂತ ಪೆನ್ನಲ್ಲಿ ಗುರುತು ಹಾಕಿಸುತ್ತೇನೆ, ಆಮೇಲೆ ಪ್ರೋಬ್. ಎಷ್ಟು ದೂರ ತಪ್ಪಿದೆವು ಅಂತ ಅವರಿಗೇ ಕಾಣುತ್ತದೆ. ಮಣಿಕಟ್ಟಿನ ಮೇಲೆ ಪ್ರೋಬ್ ಇಟ್ಟು ಬೆರಳು ಆಡಿಸಲು ಹೇಳಿ, ಟೆಂಡನ್‌ಗಳು ಸರಸರ ಜಾರುತ್ತವೆ, ಅವುಗಳ ಜೊತೆಯಲ್ಲೇ ಇರುವ ಮೀಡಿಯನ್ ನರ ಅಷ್ಟು ಜಾರುವುದಿಲ್ಲ. ಶವದ ಮೇಲೆ ಇದನ್ನು ಕಲಿಯಲು ಆಗುತ್ತದೆಯೇ? ಹಾಗಂತ ಅಲ್ಟ್ರಾಸೌಂಡ್‌ನಲ್ಲಿ ಮೂಳೆಯ ಒಳಗೆ ಏನೂ ಕಾಣದು, ಮಂಡಿಯ ಒಳಗಿನ ಎಸಿಎಲ್ ಎಂಬ ಕಟ್ಟುನಾರಿಗೆ ಎಂಆರ್‌ಐ ಬೇಕೇ ಬೇಕು.

ಪಿಜಿ_ಎರಡನೇ_ವರ್ಷ:
ಓಲಾಡಿಸಿದೆ, ಮೂರೂ ಭುಜ ಬೆಳ್ಳಗಾದವು. ಗೆಳೆಯ ಮಾತ್ರ ಇನ್ನೂ ನಂಬುತ್ತಿಲ್ಲ, ಬೇರೆಯವರ ಕೈಯಲ್ಲಿ ನೋಡಿಸುತ್ತಾನಂತೆ.