ಮಗಳು ಯುದ್ಧ ವರದಿಗಾರ್ತಿಯಾಗುತ್ತೇನೆ ಎನ್ನುತ್ತಾಳೆ: ಆ ಕೆಲಸ ನಿಜವಾಗಿ ಹೇಗಿರುತ್ತದೆ?

ಚೌಕಿಪೇಟೆ ವರ್ತಕ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಚೌಕಿಪೇಟೆಯಲ್ಲಿ ಬಟ್ಟೆ ಅಂಗಡಿ ನಡೆಸುವ ನನಗೆ ದಿನವೂ ಎರಡು ಪತ್ರಿಕೆ ಓದುವ ಅಭ್ಯಾಸವಿದೆಯೇ ಹೊರತು ಪತ್ರಿಕೆಯ ಕೆಲಸದ ಒಳಹೊರಗು ತಿಳಿಯದು. ದ್ವಿತೀಯ ಪಿಯುಸಿಯಲ್ಲಿರುವ ನನ್ನ ಮಗಳು ಯುದ್ಧ ವರದಿಗಾರ್ತಿಯಾಗುತ್ತೇನೆಂದು ಹಟ ಹಿಡಿದಿದ್ದಾಳೆ. ಹಟವೆಂದರೆ ಅಳುವುದು, ಊಟ ಬಿಡುವುದು ಅಲ್ಲ. ಎದುರಿಗೆ ಕುಳಿತು, ಕಾರಣ ಕೊಟ್ಟು, ಶಾಂತವಾಗಿ ಮಾತನಾಡುತ್ತಾಳೆ. ಹಾಗಾಗಿಯೇ ನನಗೆ ಉತ್ತರ ಕೊಡುವುದು ಕಷ್ಟವಾಗಿದೆ.

ಇದು ಶುರುವಾದದ್ದು ಹಾಡಿನಿಂದ. ಹೈಸ್ಕೂಲಿನಲ್ಲಿದ್ದಾಗಿನಿಂದ ಅವಳೂ ಅವಳ ಗೆಳತಿಯರೂ ಬಿಟಿಎಸ್ ಎಂಬ ಕೊರಿಯಾದ ತಂಡದ ಹಾಡುಗಳನ್ನು ಕೇಳುತ್ತಾರೆ. ಭಾಷೆಯೇ ತಿಳಿಯದ ಹಾಡನ್ನು ಏನು ಕೇಳುತ್ತೀಯಮ್ಮಾ ಎಂದು ಎಷ್ಟೋ ಸಲ ಗದರಿದ್ದೇನೆ. ಆ ತಂಡದ ಏಳೂ ಮಂದಿ 2022ರ ಡಿಸೆಂಬರ್‌ನಿಂದ ಒಬ್ಬೊಬ್ಬರಾಗಿ ಅಲ್ಲಿನ ಕಡ್ಡಾಯ ಸೇವೆಗೆ ಹೋದರು. ಕೊನೆಯವರ ಸೇವೆ ಮುಗಿದದ್ದು 2025ರ ಜೂನ್‌ನಲ್ಲಿ. ಹಾಡುವವರು ಸೈನ್ಯಕ್ಕೆ ಏಕೆ ಹೋಗಬೇಕು ಎಂದು ಹುಡುಕಲು ಹೊರಟವಳಿಗೆ, ಉತ್ತರ, ದಕ್ಷಿಣ ಕೊರಿಯಾಗಳ ನಡುವಿನ ಯುದ್ಧವು 1953ರ ಜುಲೈ 27ರ ಕದನವಿರಾಮದಿಂದ ನಿಂತಿತೇ ಹೊರತು ಶಾಂತಿ ಒಪ್ಪಂದ ಇವತ್ತಿಗೂ ಆಗಿಲ್ಲವೆಂಬುದು ಗೊತ್ತಾಯಿತು. ಸ್ವದೇಶಕ್ಕೆ ಮರಳಲು ಒಪ್ಪದ ಸೆರೆಯಾಳುಗಳ ವಿಚಾರ ನೋಡಿಕೊಂಡ ಆಯೋಗದ ಅಧ್ಯಕ್ಷರಾಗಿದ್ದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು ಎಂಬುದನ್ನು ನಾನು ಕಲಿತದ್ದು ಅವಳಿಂದ. ಅವಳ ನೋಟ್ ಪುಸ್ತಕದಲ್ಲಿ ಮುಂದಿನಿಂದ ತಾನೇ ಕಲಿತ ಕೊರಿಯನ್ ಲಿಪಿಯಲ್ಲಿ ಹಾಡುಗಳು, ಹಿಂದಿನಿಂದ ಯುದ್ಧದ ತಾರೀಖುಗಳು. ಈಗ ಎರಡೂ ನಡುವಿನ ಪಿನ್ನಿನ ಹತ್ತಿರಕ್ಕೆ ಬಂದಿವೆ. ಹಿಂಬದಿಯಲ್ಲಿ ಕೆಂಪು ಶಾಯಿಯಿಂದ ಗೆರೆ ಎಳೆದಿರುವ ಹೆಸರು ಅಮೆರಿಕದ ಯುದ್ಧ ವರದಿಗಾರ್ತಿ ಮಾರ್ಗರೀಟ್ ಹಿಗಿನ್ಸ್ ಅವರದು. 1950ರಲ್ಲಿ ಹೆಂಗಸೆಂಬ ಕಾರಣಕ್ಕೆ ಸೇನಾಧಿಕಾರಿಯೊಬ್ಬರು ಆಕೆಯನ್ನು ಕೊರಿಯಾದಿಂದ ಹೊರಗೆ ಕಳಿಸಲು ಆದೇಶ ಕೊಟ್ಟರಂತೆ. ಅಲ್ಲಿನ ಸೇನಾ ಮುಖ್ಯಸ್ಥ ಜನರಲ್ ಮ್ಯಾಕ್ ಆರ್ಥರ್ ಅದನ್ನು ರದ್ದುಮಾಡಿದರಂತೆ. ಮರುವರ್ಷ ಆಕೆಗೆ ಪತ್ರಕರ್ತರಿಗೆ ಕೊಡುವ ದೊಡ್ಡ ಪ್ರಶಸ್ತಿಯಾದ ಪುಲಿಟ್ಜರ್ ಬಂದಿತಂತೆ.

ನನ್ನ ಭಯಕ್ಕೂ ಕಾರಣವಿದೆ. 2022ರ ಮಾರ್ಚ್ 1ರಂದು ಯುದ್ಧದ ನಡುವೆ ಉಕ್ರೇನಿನ ಹಾರ್ಕಿವ್‌ನಲ್ಲಿ ತೀರಿಕೊಂಡ ಪಕ್ಕದ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯ ದೇಹವನ್ನು ತಂದೆತಾಯಿ ದಾನ ಮಾಡಿದ್ದು ನಮ್ಮ ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ. ಓದಲು ಹೋದ ಹುಡುಗನಿಗೇ ಹೀಗಾದರೆ, ಯುದ್ಧವನ್ನು ಹುಡುಕಿಕೊಂಡು ಹೋಗುವವರ ಗತಿ ಏನು? ಆ ಕೆಲಸದಲ್ಲಿ ಇರುವವರು ದಿನವಿಡೀ ಏನು ಮಾಡುತ್ತಾರೆ, ಈ ಊರಿನಲ್ಲಿದ್ದುಕೊಂಡು ಅದಕ್ಕೆ ತಯಾರಾಗಲು ಸಾಧ್ಯವೇ ಎಂಬುದನ್ನು ತಿಳಿದವರು ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.

ನಿವೃತ್ತ ಉಪಸಂಪಾದಕ, ಚಿತ್ರದುರ್ಗ

ಸರ್, ನಾನು ರಣರಂಗಕ್ಕೆ ಹೋದವನಲ್ಲ. ಆದರೆ ಅಲ್ಲಿಂದ ಬರುವ ಸುದ್ದಿಯನ್ನು ಬಹಳ ವರ್ಷ ರಾತ್ರಿ ಪಾಳಿಯಲ್ಲಿ ಕನ್ನಡಕ್ಕೆ ತಂದಿದ್ದೇನೆ. ಯುದ್ಧ ವರದಿಗಾರಿಕೆ ಎಂದಾಕ್ಷಣ ಗುಂಡಿನ ಸದ್ದಿನ ನಡುವೆ ಮೈಕ್ ಹಿಡಿದು ನಿಂತವರ ಚಿತ್ರ ಕಣ್ಣಿಗೆ ಬರುತ್ತದೆ. ಆದರೆ ಅದರ ಬಹುಪಾಲು ಸತ್ತವರ ಹೆಸರು, ವಯಸ್ಸು, ಊರು ಇವುಗಳನ್ನು ಇಬ್ಬರು ಮೂವರಲ್ಲಿ ಕೇಳಿ ಖಚಿತಪಡಿಸಿಕೊಳ್ಳುವ ಕೆಲಸ.

ಅದು ತಪ್ಪಿದರೆ ಏನಾಗುತ್ತದೆ ಎಂಬುದನ್ನು 1999ರಲ್ಲಿ ಕಾರ್ಗಿಲ್ ಕದನ ನಡೆಯುತ್ತಿದ್ದಾಗ ಕಂಡೆ. ಹುತಾತ್ಮನಾದ ಸೈನಿಕನೊಬ್ಬನ ಹೆಸರು, ಊರು ಇಂಗ್ಲಿಷ್ ಅಕ್ಷರಗಳಲ್ಲಿ ಬಂದಿದ್ದವು. ಆ ಹೆಸರಿನ ಹಳ್ಳಿ ಎರಡು ತಾಲ್ಲೂಕುಗಳಲ್ಲಿವೆ. ಪುಟ ಬಿಡುವ ಹೊತ್ತಾಗಿತ್ತು. ಯಾರನ್ನೂ ಕೇಳದೆ, ನನಗೆ ಪರಿಚಯವಿದ್ದ ತಾಲ್ಲೂಕಿನ ಹೆಸರನ್ನು ಸೇರಿಸಿಬಿಟ್ಟೆ. ಬೆಳಿಗ್ಗೆ ಆ ಹಳ್ಳಿಯಲ್ಲಿ ಸೈನ್ಯದಲ್ಲಿದ್ದ ಬೇರೊಬ್ಬ ಹುಡುಗನ ಮನೆಯ ಮುಂದೆ ಜನ ಸೇರಿದ್ದರು. ಮಗ ಜೀವಂತವಾಗಿದ್ದಾನೆಂಬ ಮಾತು ಆ ತಾಯಿಯನ್ನು ಮುಟ್ಟಿದ್ದು ಮಧ್ಯಾಹ್ನ. ಮರುದಿನ ಪತ್ರಿಕೆಯಲ್ಲಿ ತಿದ್ದುಪಡಿ ಅಚ್ಚಾಯಿತು. ಆ ಅರ್ಧ ದಿನವನ್ನು ಆಕೆಗೆ ಹಿಂದಿರುಗಿಸುವ ಶಕ್ತಿ ಯಾವ ತಿದ್ದುಪಡಿಗೂ ಇರಲಿಲ್ಲ.

ದೊಡ್ಡವರೂ ಎಡವಿದ್ದಾರೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ಗೆ ಓಟ, ಈಜು, ಜಿಮ್ನಾಸ್ಟಿಕ್ಸ್ ತೋರಿಸಲು ಹೋಗಿದ್ದ ಕ್ರೀಡಾ ವರದಿಗಾರರು, ಸೆಪ್ಟೆಂಬರ್ 5ರ ಮುಂಜಾನೆ ಇಸ್ರೇಲ್ ತಂಡದವರನ್ನು ಉಗ್ರರು ಒತ್ತೆ ಇಟ್ಟುಕೊಂಡಾಗ, ಒಂದೇ ದಿನದಲ್ಲಿ ಬೇರೆಯೇ ಕೆಲಸಕ್ಕೆ ಬೀಳಬೇಕಾಯಿತು. ಪೊಲೀಸರು ಕಟ್ಟಡದ ಮೇಲೆ ಹತ್ತುತ್ತಿದ್ದುದು ನೇರಪ್ರಸಾರವಾಯಿತು. ಒಳಗಿದ್ದ ಉಗ್ರರಿಗೂ ಟಿ.ವಿ. ಇತ್ತು. ನಡುರಾತ್ರಿಯ ಹೊತ್ತಿಗೆ ಒತ್ತೆಯಾಳುಗಳೆಲ್ಲ ಪಾರಾದರೆಂಬ ಸುದ್ದಿ ಜಗತ್ತಿಗೆಲ್ಲ ಹೋಯಿತು, ಸರ್ಕಾರದ ವಕ್ತಾರರೇ ಹಾಗೆ ಹೇಳಿದ್ದರು. ಬೆಳಗಾಗುವ ಮೊದಲು ತಿಳಿದ ಸತ್ಯವೆಂದರೆ ತಂಡದ 11 ಮಂದಿಯಲ್ಲಿ ಒಬ್ಬರೂ ಉಳಿದಿರಲಿಲ್ಲ. ನಮ್ಮಲ್ಲಿ ಭಯೋತ್ಪಾದಕರ ವಿರುದ್ಧದ ಕಾರ್ಯಾಚರಣೆಯನ್ನು ನೇರಪ್ರಸಾರ ಮಾಡಬಾರದೆಂಬ ನಿಯಮ ಕೇಬಲ್ ಟಿ.ವಿ. ಕಾಯ್ದೆಯಡಿ ಇದೆ, 2008ರ ಮುಂಬೈ ದಾಳಿಯನ್ನು ಟಿ.ವಿ.ಯಲ್ಲಿ ನೋಡಿದವರಿಗೆ ಅದು ಏಕೆ ಬೇಕಾಯಿತೆಂದು ವಿವರಿಸಬೇಕಿಲ್ಲ. ನಿಮ್ಮ ಮಗಳಿಗೆ ಕ್ರೀಡೆ ಇಷ್ಟವಿದ್ದರೂ, ಸಂಗೀತ ಇಷ್ಟವಿದ್ದರೂ ಅಲ್ಲಿಂದಲೇ ವರದಿ ಬರೆಯಲು ಶುರುಮಾಡಲಿ. ಕೇಳಿ, ನೋಡಿ, ಮತ್ತೆ ಕೇಳಿ ಬರೆಯುವುದು ಎಲ್ಲ ಕಡೆಯೂ ಒಂದೇ.

ಮಾಜಿ ಸೈನಿಕ, ಹರಿಹರ

ಯಜಮಾನರೇ, ನಾನು ಸೇನೆಯ ವೈದ್ಯಕೀಯ ವಿಭಾಗದಲ್ಲಿ ಇಪ್ಪತ್ತು ವರ್ಷ ಇದ್ದವನು. ನನಗೆ ಬರವಣಿಗೆ ಗೊತ್ತಿಲ್ಲ, ರಕ್ತ ಗೊತ್ತು. ಪತ್ರಕರ್ತರು ಹಾಕಿಕೊಳ್ಳುವ ಗುಂಡು ನಿರೋಧಕ ಕವಚವು ಎದೆ ಮತ್ತು ಬೆನ್ನನ್ನು ಕಾಯುತ್ತದೆ; ಕುತ್ತಿಗೆ, ತೋಳು, ತೊಡೆ ಬಯಲಿಗೇ ಇರುತ್ತವೆ. ತೊಡೆಯ ದೊಡ್ಡ ರಕ್ತನಾಳ ಹರಿದರೆ ಕೆಲವೇ ನಿಮಿಷಗಳಲ್ಲಿ ಜೀವ ಹೋಗುತ್ತದೆ. ಗಾಯಕ್ಕಿಂತ ನಾಲ್ಕು ಬೆರಳು ಮೇಲೆ, ಕೀಲಿನ ಮೇಲೆ ಬಾರದ ಹಾಗೆ ಪಟ್ಟಿ ಬಿಗಿದು, ರಕ್ತ ನಿಲ್ಲುವವರೆಗೂ ತಿರುಪಿ, ಬಿಗಿದ ಸಮಯವನ್ನು ಕಾಣುವಂತೆ ಬರೆದಿಡಬೇಕು. ಕಟ್ಟಿಸಿಕೊಂಡವನು ನೋವಿನಿಂದ ಕೂಗುತ್ತಾನೆ, ಸಡಿಲ ಮಾಡೆಂದು ಬೇಡುತ್ತಾನೆ. ಆಗ ಸಡಿಲ ಮಾಡಬಾರದು. ಇದನ್ನು ಓದಿ ಕಲಿಯಲಾಗದು, ಕೈಯಿಂದಲೇ ಕಲಿಯಬೇಕು. ರೆಡ್ ಕ್ರಾಸ್‌ನವರು ಪ್ರಥಮ ಚಿಕಿತ್ಸೆಯ ತರಬೇತಿ ನಡೆಸುತ್ತಾರೆ, ಮೊದಲು ಅಲ್ಲಿಗೆ ಸೇರಿಸಿ. ಅವಳು ವರದಿಗಾರ್ತಿಯಾಗದಿದ್ದರೂ, ನಮ್ಮ ಹೆದ್ದಾರಿಯಲ್ಲಿ ಒಂದು ದಿನ ಯಾರಿಗಾದರೂ ಅದು ಬೇಕಾಗುತ್ತದೆ.

ಪತ್ರಿಕೋದ್ಯಮ ಅಧ್ಯಾಪಕಿ, ದಾವಣಗೆರೆ

ಸರ್, ನಿಮ್ಮ ಭಯವನ್ನು ಕಡಿಮೆ ಮಾಡಲು ನಾನು ಸುಳ್ಳು ಹೇಳುವುದಿಲ್ಲ. ಮಗಳ ಪುಸ್ತಕದಲ್ಲಿರುವ ಕೊರಿಯಾ ಯುದ್ಧದಲ್ಲಿಯೇ, 1950ರ ಆಗಸ್ಟ್‌ನಲ್ಲಿ, ಬ್ರಿಟನ್ನಿನ ಇಬ್ಬರು ವರದಿಗಾರರೂ, ವಿಶ್ವಸಂಸ್ಥೆಯ ಆಯೋಗದಲ್ಲಿ ಭಾರತದ ಪ್ರತಿನಿಧಿಯಾಗಿದ್ದ ಕರ್ನಲ್ ಉಣ್ಣಿ ನಾಯರ್ ಅವರೂ ಒಂದೇ ನೆಲಬಾಂಬಿಗೆ ಬಲಿಯಾದರು. ಹಿಗಿನ್ಸ್ ಗುಂಡಿಗೆ ಸಿಗಲಿಲ್ಲ. 1966ರಲ್ಲಿ, 45ನೇ ವಯಸ್ಸಿನಲ್ಲಿ, ಏಷ್ಯಾದ ಪ್ರವಾಸದಲ್ಲಿ ಮರಳುನೊಣದಿಂದ ತಗುಲಿದ ಕಾಯಿಲೆಗೆ ತೀರಿಕೊಂಡರು. ನಮ್ಮ ಕಾಲದಲ್ಲಿ, ರಾಯಿಟರ್ಸ್ ಸುದ್ದಿಸಂಸ್ಥೆಯ ಛಾಯಾಗ್ರಾಹಕ ಡ್ಯಾನಿಶ್ ಸಿದ್ದಿಕಿ 2021ರ ಜುಲೈ 16ರಂದು ಅಫ್ಘಾನಿಸ್ತಾನದ ಸ್ಪಿನ್ ಬೊಲ್ದಾಕ್‌ನಲ್ಲಿ ಕೊಲ್ಲಲ್ಪಟ್ಟರು. ಆದರೆ ಅವರು ನೇರವಾಗಿ ಯುದ್ಧಕ್ಕೆ ಹೋದವರಲ್ಲ ಎಂಬುದನ್ನು ಮಗಳಿಗೆ ಹೇಳಿ. ಕೋವಿಡ್ ಕಾಲದ ದೆಹಲಿಯ ಚಿತೆಗಳನ್ನು, ಬಾಂಗ್ಲಾದೇಶದ ದಡ ಸೇರಿದ ರೋಹಿಂಗ್ಯಾ ನಿರಾಶ್ರಿತರನ್ನು ಅವರು ಅದೇ ತಾಳ್ಮೆಯಿಂದ ಚಿತ್ರಿಸಿದ್ದರು.

ಕಾನೂನಿನ ರಕ್ಷಣೆಯೂ ಅರ್ಧಂಬರ್ಧವೇ. ಸೇನೆಯ ಅನುಮತಿ ಪಡೆದು ಅದರ ಜೊತೆಗೆ ಹೋದ ವರದಿಗಾರ ಶತ್ರುವಿಗೆ ಸಿಕ್ಕಿಬಿದ್ದರೆ ಅವನನ್ನು ಯುದ್ಧಕೈದಿಯಂತೆ ನಡೆಸಿಕೊಳ್ಳಬೇಕೆಂದು 1949ರ ಮೂರನೇ ಜಿನೀವಾ ಒಡಂಬಡಿಕೆ ಹೇಳುತ್ತದೆ. ಸ್ವತಂತ್ರವಾಗಿ ಹೋದವರನ್ನು ನಾಗರಿಕರೆಂದು ಕಾಣಬೇಕೆಂಬುದು 1977ರ ಮೊದಲ ಹೆಚ್ಚುವರಿ ಒಡಂಬಡಿಕೆಯ 79ನೇ ವಿಧಿ. ಭಾರತ ಅದನ್ನು ಅನುಮೋದಿಸಿಲ್ಲ. 2022ರ ಮೇ 11ರಂದು ಪ್ಯಾಲೆಸ್ಟೀನಿನ ಜೆನಿನ್‌ನಲ್ಲಿ ಗುಂಡಿಗೆ ಬಲಿಯಾದ ಟಿ.ವಿ. ವರದಿಗಾರ್ತಿ ಶಿರೀನ್ ಅಬು ಅಕ್ಲೆಹ್ ಅವರ ಕವಚದ ಮೇಲೆ ‘ಪ್ರೆಸ್’ ಎಂದು ದೊಡ್ಡದಾಗಿಯೇ ಬರೆದಿತ್ತು.

ನಾನು ತರಗತಿಯಲ್ಲಿ ಪ್ರತಿ ವರ್ಷ ಒತ್ತಿ ಹೇಳುವ ಇನ್ನೊಂದು ವಿಷಯವಿದೆ. ಹೊರಗಿನಿಂದ ಹೋಗುವವರಿಗಿಂತ ಹೆಚ್ಚಾಗಿ ಸಾಯುವವರು ಆಯಾ ಊರಿನ ಪತ್ರಕರ್ತರು. 2023ರ ಅಕ್ಟೋಬರ್‌ನಿಂದ ಗಾಜಾದಲ್ಲಿ ನೂರಕ್ಕೂ ಹೆಚ್ಚು ಪತ್ರಕರ್ತರು ಜೀವ ಕಳೆದುಕೊಂಡಿದ್ದಾರೆ. ಅವರೆಲ್ಲ ಹೆಚ್ಚುಕಡಿಮೆ ಅಲ್ಲಿನವರೇ. 2022ರಲ್ಲಿ ಮುತ್ತಿಗೆಗೆ ಸಿಕ್ಕ ಉಕ್ರೇನಿನ ಮಾರಿಯುಪೋಲ್ ನಗರದಿಂದ ಎಪಿ ಸುದ್ದಿಸಂಸ್ಥೆಗೆ ಚಿತ್ರ ಕಳಿಸಿದ ಮ್ಸ್ತಿಸ್ಲಾವ್ ಚೆರ್ನೊವ್, ಎವ್ಗೆನಿ ಮಲೊಲೆತ್ಕಾ ಇಬ್ಬರೂ ಉಕ್ರೇನಿನವರು. ಹೆರಿಗೆ ಆಸ್ಪತ್ರೆಯ ಮೇಲೆ ಬಾಂಬು ಬಿದ್ದ ದಿನ, ನೆಟ್‌ವರ್ಕ್ ಸಿಗುವ ಜಾಗ ಹುಡುಕಿ, ವಿಡಿಯೊವನ್ನು ತುಂಡು ಮಾಡಿ, ಹಲವು ಮೊಬೈಲ್‌ಗಳಿಂದ ಗಂಟೆಗಟ್ಟಲೆ ಕಳಿಸಿದರು. ಅವರು ಅಲ್ಲಿರದಿದ್ದರೆ ಆಸ್ಪತ್ರೆಯ ಮೇಲೆ ದಾಳಿಯೇ ಆಗಿಲ್ಲವೆಂಬ ಮಾತು ಗೆದ್ದುಬಿಡುತ್ತಿತ್ತು. ಆದ್ದರಿಂದ ಪರದೇಶದ ಯುದ್ಧಕ್ಕೆ ಹೋಗುವ ವರದಿಗಾರ್ತಿಗೆ ಬೇಕಾದ ಮೊದಲ ಗುಣ ಧೈರ್ಯವಲ್ಲ. ತನಗೆ ದಾರಿ ತೋರಿಸುವ, ಭಾಷೆ ತಿಳಿಸುವ ಅಲ್ಲಿನ ವ್ಯಕ್ತಿಯ ಜೀವಕ್ಕೂ ತಾನು ಹೊಣೆ ಎಂಬ ಅರಿವು.

ದಾರಿ ಹೀಗಿದೆ. ಯಾವುದಾದರೂ ಪದವಿ ಓದಲಿ, ಇತಿಹಾಸವೋ ಅರ್ಥಶಾಸ್ತ್ರವೋ ಇದ್ದರೆ ಒಳ್ಳೆಯದು, ಪತ್ರಿಕೋದ್ಯಮದ ಎಂ.ಎ. ಇಲ್ಲಿ ದಾವಣಗೆರೆ ವಿಶ್ವವಿದ್ಯಾಲಯದ ಶಿವಗಂಗೋತ್ರಿಯಲ್ಲೇ ಇದೆ. ಆಮೇಲೆ ಐದಾರು ವರ್ಷ ನ್ಯಾಯಾಲಯ, ಆಸ್ಪತ್ರೆ, ಬರ, ಪ್ರವಾಹದ ವರದಿ ಮಾಡಲಿ. ಅನುಭವವಿರುವ ಪತ್ರಕರ್ತರಿಗೆ ರಕ್ಷಣಾ ಸಚಿವಾಲಯವೇ ರಕ್ಷಣಾ ವರದಿಗಾರರ ಕೋರ್ಸ್ ನಡೆಸುತ್ತದೆ. ಕೊರಿಯನ್ ಹಾಡು ಕೇಳುವುದನ್ನು ಮಾತ್ರ ದಯವಿಟ್ಟು ತಡೆಯಬೇಡಿ. ತಾನಾಗಿ ಒಂದು ಪರಭಾಷೆಯ ಲಿಪಿ ಕಲಿತ ಹುಡುಗಿಗೆ ಇನ್ನೊಂದು ಭಾಷೆ ಕಲಿಯುವುದು ಕಷ್ಟವಲ್ಲ.

ಸದ್ಯಕ್ಕೆ ಒಂದು ಅಭ್ಯಾಸ ಹೇಳುತ್ತೇನೆ. ಒಂದೇ ಅಪಘಾತದ ಸುದ್ದಿಯನ್ನು ಮೂರು ಪತ್ರಿಕೆಗಳಿಂದ ಕತ್ತರಿಸಿ, ಹೆಸರು, ವಯಸ್ಸು, ಸಂಖ್ಯೆ ಎಲ್ಲೆಲ್ಲಿ ಬೇರೆಯಾಗಿವೆ ಎಂದು ಅವಳು ಗುರುತು ಹಾಕಲಿ.

ಚೌಕಿಪೇಟೆ ವರ್ತಕ, ದಾವಣಗೆರೆ

ಎಲ್ಲರಿಗೂ ಕೈಮುಗಿಯುತ್ತೇನೆ. ಉಪಸಂಪಾದಕರು ಬರೆದ ಆ ತಾಯಿಯ ವಿಚಾರವನ್ನು ಮಗಳಿಗೆ ಓದಿ ಹೇಳುವಾಗ ನನಗೇ ಗಂಟಲು ಕಟ್ಟಿತು. ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಪ್ರಥಮ ಚಿಕಿತ್ಸೆಯ ತರಬೇತಿಗೆ ಹೆಸರು ಬರೆಸಲು ಅವಳ ತಾಯಿಯೂ ಒಪ್ಪಿದ್ದಾಳೆ. ನನ್ನ ಭಯ ಹೋಗಿಲ್ಲ, ಆದರೆ ಬೇಡವೆಂದು ಹೇಳುವುದನ್ನು ನಿಲ್ಲಿಸಿದ್ದೇನೆ.

ಮೇಡಂ ಹೇಳಿದ ಅಭ್ಯಾಸವನ್ನು ನಿನ್ನೆಯೇ ಮಾಡಿದಳು. ಊರ ಹೊರಗೆ ಟೆಂಪೊ ಮಗುಚಿದ ಸುದ್ದಿಯಲ್ಲಿ ಒಂದು ಪತ್ರಿಕೆ ಗಾಯಾಳುಗಳು ಏಳು ಎಂದರೆ ಇನ್ನೊಂದು ಒಂಬತ್ತು ಎಂದಿದೆ, ಮೂರನೆಯದರಲ್ಲಿ ಸಂಖ್ಯೆಯೇ ಇಲ್ಲ. ಯಾವುದು ಸರಿ ಎಂದು ಆಸ್ಪತ್ರೆಗೆ ಹೋಗಿ ಕೇಳಬೇಕು, ಸ್ಕೂಟರಿನಲ್ಲಿ ಕರೆದುಕೊಂಡು ಹೋಗುತ್ತೀಯಾ ಅಪ್ಪಾ ಎಂದಳು. ನಾಳೆ ಅಂಗಡಿಯ ಬಾಗಿಲು ತೆಗೆಯುವ ಮೊದಲು, ಎಂಟು ಗಂಟೆಗೆ ಹೊರಡುತ್ತೇವೆ. ಅಲ್ಲಿ ಯಾರನ್ನು ಕೇಳಬೇಕು, ಗಾಯಗೊಂಡವರ ಮನೆಯವರನ್ನು ನೋಯಿಸದೆ ಹೇಗೆ ಕೇಳಬೇಕು ಎಂಬುದನ್ನು ಮೇಡಂ ಇವತ್ತು ರಾತ್ರಿಯೊಳಗೆ ತಿಳಿಸಿದರೆ ಉಪಕಾರವಾಗುತ್ತದೆ.