ಎಂಜಿಬಿ 1970: ಇಂಜಿನ್ ಬಿಸಿಯಾದ ಮೇಲೆ ದಿಢೀರಂತ ಆಫ್, ಅರ್ಧ ಗಂಟೆ ಬಿಟ್ಟರೆ ಮತ್ತೆ ಸ್ಟಾರ್ಟ್ (ಬಗೆಹರಿದಿದೆ)

ಹಾಸನದ ಹುಡುಗ, ಲೆಸ್ಟರ್

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಒಂದೇ ಸಮಸ್ಯೆ ಹಿಡ್ಕೊಂಡು ಒದ್ದಾಡ್ತಾ ಇದ್ದೀನಿ, ಗೊತ್ತಿರುವವರು ದಾರಿ ತೋರಿಸಿ.

ಗಾಡಿ 1970ರ ಬ್ರಿಟಿಷ್ ಸ್ಪೋರ್ಟ್ಸ್ ಕಾರ್ ಎಂಜಿಬಿ ರೋಡ್‌ಸ್ಟರ್. 1798 ಸಿಸಿ ಇಂಜಿನ್, ಎರಡು ಎಸ್‌ಯು ಎಚ್‌ಎಸ್4 ಕಾರ್ಬ್ಯುರೇಟರ್. ಮೂರು ವರ್ಷದಿಂದ ಮನೆ ಗ್ಯಾರೇಜ್‌ನಲ್ಲೇ ಬಿಚ್ಚಿ ಕಟ್ಟಿದ್ದು. ಬಾಗಿಲ ಕೆಳಗಿನ ತಗಡಿನ ಪಟ್ಟಿ, ಅಂದರೆ ಸಿಲ್, ಎರಡೂ ಕಡೆ ಬೆರಳಲ್ಲಿ ಒತ್ತಿದರೆ ಪುಡಿಯಾಗಿ ಉದುರುತ್ತಿತ್ತು, ಅದನ್ನು ಪೂರ್ತಿ ಕತ್ತರಿಸಿ ಹೊಸದನ್ನು ವೆಲ್ಡ್ ಮಾಡಿದೆ. ಈ ಗಾಡಿಗೆ ಬೇರೆ ಚಾಸಿ ಅಂತ ಇಲ್ಲ, ಬಾಡಿಯೇ ಭಾರ ಹೊರಬೇಕು, ಅದಕ್ಕೆ ಆ ಕೆಲಸ ಒಂದಕ್ಕೇ ಒಂದು ಚಳಿಗಾಲ ಹೋಯಿತು. ಬ್ರೇಕ್, ಬುಷ್, ವೈರಿಂಗ್ ಎಲ್ಲ ಮುಗಿಸಿ ಈ ಬೇಸಿಗೆಯಲ್ಲಿ ರಸ್ತೆಗೆ ಇಳಿಸಿದೆ.

ತೊಂದರೆ ಏನಂದರೆ, ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತೆ, 20-25 ನಿಮಿಷ ಚೆನ್ನಾಗಿ ಓಡುತ್ತೆ, ಆಮೇಲೆ ಒಮ್ಮೆಲೇ ಬಂದ್. ಮೊನ್ನೆ ಎ46 ಹೆದ್ದಾರಿಯಲ್ಲಿ ಹಿಂದೆ ಲಾರಿ ಇರುವಾಗ ನಿಂತುಹೋಯಿತು, ಪಕ್ಕದಲ್ಲಿ ಹೆಂಡತಿ ಇದ್ದಳು, ತುಂಬಾ ಹೆದರಿಕೆ ಆಯ್ತು. ಸೆಲ್ಫ್ ಎಷ್ಟು ಹೊಡೆದರೂ ಹತ್ತಲಿಲ್ಲ. ಅರ್ಧ ಗಂಟೆ ಬಾನೆಟ್ ಎತ್ತಿಟ್ಟು ಕೂತ ಮೇಲೆ ಏನೂ ಆಗಿಲ್ಲದ ಹಾಗೆ ಸ್ಟಾರ್ಟ್ ಆಯ್ತು.

ಇಲ್ಲಿವರೆಗೆ ಮಾಡಿದ್ದು: ಎರಡೂ ಕಾರ್ಬ್ಯುರೇಟರ್ ಬಿಚ್ಚಿ ಹೊಸ ಕಿಟ್ ಹಾಕಿದೆ, ಫ್ಲೋಟ್ ಲೆವೆಲ್ ನೋಡಿದೆ, ಪೆಟ್ರೋಲ್ ಪೈಪ್ ಹೊಸದು ಹಾಕಿ ಶಾಖ ತಡೆಯುವ ಪಟ್ಟಿ ಸುತ್ತಿದೆ, ಫಿಲ್ಟರ್ ಬದಲಾಯಿಸಿದೆ. ಕಿಡಿ ಕಡೆಯ ಪ್ಲಗ್, ಕಾಯಿಲ್‌ನ ಕರೆಂಟ್ ಕತ್ತರಿಸಿ ಜೋಡಿಸುವ ಪಾಯಿಂಟ್, ಆ ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್, 12 ವೋಲ್ಟನ್ನು ಕಿಡಿ ಹಾರುವಷ್ಟು ಏರಿಸುವ ಕಾಯಿಲ್, ಎಲ್ಲ ಮೂರು ತಿಂಗಳ ಹಿಂದೆ ತಂದ ಹೊಸ ಸಾಮಾನು, ಹಾಗಾಗಿ ಆ ಕಡೆ ಕೈ ಹಾಕಿಲ್ಲ. ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕುವ ಆಸೆಯೂ ಇದೆ. ಅದನ್ನೇ ಹಾಕಿಬಿಟ್ಟರೆ ಇದು ಹೋಗುತ್ತಾ?

ಮಂಜು ಮಿಡ್‌ಲ್ಯಾಂಡ್ಸ್

ನನಗೆ ಅನ್ನಿಸುವುದು ಪೈಪ್‌ನಲ್ಲೇ ಪೆಟ್ರೋಲ್ ಆವಿಯಾಗುತ್ತಿದೆ. 2021ರ ಸೆಪ್ಟೆಂಬರ್‌ನಿಂದ ಇಲ್ಲಿ ಬ್ರಿಟನ್‌ನಲ್ಲಿ ಮಾಮೂಲಿ ಪೆಟ್ರೋಲ್ ಅಂದರೆ ಇ10, ಹತ್ತು ಪರ್ಸೆಂಟ್‌ವರೆಗೆ ಎಥೆನಾಲ್ ಬೆರೆಸಿದ್ದು. ಈ ಗಾಡಿಯ ಕಾರ್ಬ್ಯುರೇಟರ್ ಕೂತಿರುವುದು ಸೈಲೆನ್ಸರ್ ಮ್ಯಾನಿಫೋಲ್ಡ್‌ನ ನೆತ್ತಿ ಮೇಲೆ, ಬಿಸಿ ತಗಲದೆ ಇರುತ್ತಾ? ಸೂಪರ್ ಪೆಟ್ರೋಲ್ ಹಾಕಿ ನೋಡಿ, ಅದರಲ್ಲಿ ಎಥೆನಾಲ್ ಕಡಿಮೆ. ಟ್ಯಾಂಕ್ ಮುಚ್ಚಳಕ್ಕೆ ಗಾಳಿ ಹೋಗುತ್ತಾ ಅಂತಲೂ ನೋಡಿ. ಗಾಡಿ ನಿಂತ ತಕ್ಷಣ ಮುಚ್ಚಳ ತೆಗೆದಾಗ ಉಸ್ ಅಂತ ಗಾಳಿ ಎಳೆದುಕೊಂಡರೆ ಅದೇ ಕಾರಣ.

ರೆಡಿಂಗ್ ಜಿಟಿ

ಮಂಜು ಹೇಳಿದ ಮುಚ್ಚಳದ ಪರೀಕ್ಷೆ ಮಾಡಿ, ಪುಕ್ಕಟೆ ಕೆಲಸ. ಆದರೆ ನಿಮ್ಮ ಬರಹದಲ್ಲಿ ನನ್ನ ಕಣ್ಣಿಗೆ ಬಿದ್ದ ಮಾತು "ಒಮ್ಮೆಲೇ ಬಂದ್". ಪೆಟ್ರೋಲ್ ಸಾಲದೆ ನಿಲ್ಲುವ ಗಾಡಿ ಹಾಗೆ ನಿಲ್ಲುವುದಿಲ್ಲ. ಮೊದಲು ಎಳೆತ ಕಡಿಮೆಯಾಗುತ್ತೆ, ಎರಡು ಮೂರು ಸಲ ಮುಗ್ಗರಿಸುತ್ತೆ, ಚೋಕ್ ಎಳೆದರೆ ಸ್ವಲ್ಪ ಚೇತರಿಸಿಕೊಳ್ಳುತ್ತೆ. ಫ್ಲೋಟ್ ಬಟ್ಟಲಲ್ಲಿ ಉಳಿದ ಪೆಟ್ರೋಲ್ ಖಾಲಿ ಆಗೋಕೆ ಅಷ್ಟು ಹೊತ್ತಾದರೂ ಬೇಕಲ್ವಾ? ಕೀ ತಿರುಗಿಸಿ ಆಫ್ ಮಾಡಿದ ಹಾಗೆ ನಿಂತರೆ ಹೆಚ್ಚಾಗಿ ಅದು ಕಿಡಿಯ ಕಡೆಯ ತೊಂದರೆ.

ಒಂದು ಪ್ರಶ್ನೆ. ಗಾಡಿ ಆಫ್ ಆದ ಆ ಕ್ಷಣದಲ್ಲಿ ಆರ್‌ಪಿಎಂ ಮುಳ್ಳು ಏನು ಮಾಡಿತು? ನಿಮ್ಮ ಗಾಡಿಯಲ್ಲಿ ಕಾಯಿಲ್‌ಗೆ ಹೋಗುವ ಕರೆಂಟ್ ಆ ಮೀಟರ್ ಮೂಲಕವೇ ಹಾದು ಹೋಗುತ್ತೆ. ಪಾಯಿಂಟ್ ತೆರೆದು ಮುಚ್ಚಿದಾಗ ಆಗುವ ಮಿಡಿತವನ್ನೇ ಅದು ಎಣಿಸುವುದು. ಗೇರ್‌ನಲ್ಲೇ ಗಾಡಿ ಉರುಳುತ್ತಿರುವಾಗ, ಅಂದರೆ ಇಂಜಿನ್ ಇನ್ನೂ ತಿರುಗುತ್ತಿರುವಾಗಲೇ ಮುಳ್ಳು ಪಟ್ಟಂತ ಸೊನ್ನೆಗೆ ಬಿದ್ದರೆ, ಕಾಯಿಲ್‌ನ 12 ವೋಲ್ಟ್ ಕಡೆ ಎಲ್ಲೋ ಮಿಡಿತ ನಿಂತಿದೆ ಅಂತ ಅರ್ಥ. ಗಾಡಿಯ ವೇಗದ ಜೊತೆಗೇ ನಿಧಾನವಾಗಿ ಇಳಿದರೆ ಪೆಟ್ರೋಲ್ ಕಡೆ ನೋಡಿ, ಇಲ್ಲವೇ ಕಾಯಿಲ್‌ನಿಂದ ಪ್ಲಗ್‌ಗೆ ಹೋಗುವ ದಾರಿ ನೋಡಿ.

ದಯವಿಟ್ಟು ಇದನ್ನು ನೋಡುವವರೆಗೆ ಕಾರ್ಬ್ಯುರೇಟರ್ ಮುಟ್ಟಬೇಡಿ. ಸರಿ ಇರುವುದನ್ನು ತಿರುಗಿಸಿ ತಿರುಗಿಸಿ, ಕೊನೆಗೆ ಒಂದಿದ್ದ ತೊಂದರೆ ಎರಡಾಗುತ್ತೆ.

ಹಾಸನದ ಹುಡುಗ, ಲೆಸ್ಟರ್

ಸರ್, ಮುಳ್ಳು ನೋಡಬೇಕು ಅಂತ ಹೊಳೆದೇ ಇರಲಿಲ್ಲ. ಇವತ್ತು ಬೆಳಿಗ್ಗೆ ಬೇಗ, ರಸ್ತೆ ಖಾಲಿ ಇರುವಾಗ ಹೋದೆ. 22ನೇ ನಿಮಿಷಕ್ಕೆ ನಿಂತಿತು. 40 ಮೈಲಿ ವೇಗ, ನಾಲ್ಕನೇ ಗೇರ್, ಕ್ಲಚ್ ತುಳಿಯಲಿಲ್ಲ. ಗಾಡಿ ಉರುಳುತ್ತಲೇ ಇದೆ, ಮುಳ್ಳು ಮಾತ್ರ ಸೊನ್ನೆ! ಟ್ಯಾಂಕ್ ಮುಚ್ಚಳ ತೆಗೆದೆ, ಯಾವ ಸದ್ದೂ ಬರಲಿಲ್ಲ. ಕಾಯಿಲ್ ಮುಟ್ಟಿದೆ, ಕೈ ಇಡಲಾಗದಷ್ಟು ಸುಡುತ್ತಿತ್ತು. ಹಾಗಾದರೆ ಕಾಯಿಲ್ ಹೋಗಿದೆ ಅಂತಲೇ ಅಲ್ವಾ? ಹೊಸದಕ್ಕೆ ಆರ್ಡರ್ ಮಾಡಲಾ?

ರೆಡಿಂಗ್ ಜಿಟಿ

ತಡೆಯಿರಿ, ಆರ್ಡರ್ ಮಾಡಬೇಡಿ. ಕಾಯಿಲ್ ಸುಡುತ್ತಿದೆ ಅಂದರೆ ಅದು ಕೆಟ್ಟಿದೆ ಅಂತಲೇ ಅಲ್ಲ, ಅದರೊಳಗೆ ಬಿಡುವಿಲ್ಲದೆ ಕರೆಂಟ್ ಹರಿಯುತ್ತಿದೆ ಅಂತಲೂ ಇರಬಹುದು. ಎರಡಕ್ಕೂ ವ್ಯತ್ಯಾಸ ತಿಳಿಯಲು ಒಂದು ಮಲ್ಟಿಮೀಟರ್ ಸಾಕು. ಆದರೆ ಗಾಡಿ ಕೆಟ್ಟು ನಿಂತಿರುವಾಗಲೇ ನೋಡಬೇಕು, ತಣ್ಣಗಾದ ಮೇಲೆ ಎಲ್ಲವೂ ಸರಿ ಅಂತಲೇ ತೋರಿಸುತ್ತೆ.

ಮನೆ ಮುಂದೆಯೇ ನಿಲ್ಲಿಸಿ, ಬಾನೆಟ್ ಮುಚ್ಚಿ, 1500 ಆರ್‌ಪಿಎಂ ಸುತ್ತ ಓಡಲು ಬಿಡಿ. ಗ್ಯಾರೇಜ್ ಒಳಗೆ ಬೇಡ, ಹೊಗೆ ಅಪಾಯ. ಆಫ್ ಆದ ಕೂಡಲೇ ಇಗ್ನಿಷನ್ ಆನ್ ಮಾಡಿ, ಮೀಟರ್‌ನ ಕಪ್ಪು ತಂತಿ ಇಂಜಿನ್‌ಗೆ ಹಿಡಿದು, ಕಾಯಿಲ್‌ನ ಪ್ಲಸ್ ನೋಡಿ, ಅದು ಬಿಳಿ ವೈರ್. ಅಲ್ಲಿ 12 ವೋಲ್ಟ್ ಹತ್ತಿರ ಇದ್ದರೆ ಸ್ವಿಚ್, ಫ್ಯೂಸ್ ಪೆಟ್ಟಿಗೆ, ಜಾಯಿಂಟ್ ಎಲ್ಲ ಬಿಟ್ಟುಬಿಡಿ. ಆಮೇಲೆ ಮೈನಸ್, ಅದು ಬಿಳಿ ಮೇಲೆ ಕಪ್ಪು ಗೆರೆ ಇರುವ ವೈರ್. ಪಾಯಿಂಟ್, ಕಂಡೆನ್ಸರ್ ಒಳಗಿರುವ ಡಿಸ್ಟ್ರಿಬ್ಯೂಟರ್‌ನ ಮುಚ್ಚಳ ತೆಗೆದು ಪಾಯಿಂಟ್ ತೆರೆದುಕೊಳ್ಳುವಂತೆ ಇಂಜಿನ್ ತಿರುಗಿಸಿ. ತೆರೆದಾಗ ಮೈನಸ್‌ನಲ್ಲೂ 12 ಬರಬೇಕು, ಮುಚ್ಚಿದಾಗ ಸೊನ್ನೆ.

ಪಾಯಿಂಟ್ ತೆರೆದಿದ್ದರೂ ಸೊನ್ನೆ ಬಂದರೆ ಆ ಬಿಳಿ-ಕಪ್ಪು ವೈರನ್ನು ಕಾಯಿಲ್‌ನಿಂದ ಕಿತ್ತು, ಖಾಲಿ ಮೈನಸ್ ಟರ್ಮಿನಲ್ ಮತ್ತೆ ಅಳೆಯಿರಿ. ಆಗಲೂ ಸೊನ್ನೆ ಅಂದರೆ ಕಾಯಿಲ್ ಒಳಗೆ ತಂತಿ ಬಿಟ್ಟಿದೆ. ವೈರ್ ಕಿತ್ತ ತಕ್ಷಣ 12ಕ್ಕೆ ಏರಿದರೆ ಕಾಯಿಲ್ ಒಳಗಿನ ತಂತಿ ಚೆನ್ನಾಗಿದೆ, ಡಿಸ್ಟ್ರಿಬ್ಯೂಟರ್ ಕಡೆ ಏನೋ ಗಾಡಿಯ ಲೋಹಕ್ಕೆ ತಗಲಿ ಅರ್ಥ್ ಆಗುತ್ತಿದೆ. ಅಲ್ಲಿ ಇರುವುದೇ ಮೂರು ವಸ್ತು, ಒಂದೊಂದಾಗಿ ಬಿಡಿಸಿ ನೋಡಿದರೆ ಸಿಕ್ಕೇ ಸಿಗುತ್ತೆ.

ಅಳೆಯುವಷ್ಟು ಹೊತ್ತು ಮಾತ್ರ ಇಗ್ನಿಷನ್ ಆನ್ ಇರಲಿ. ಕಾಯಿಲ್ ತಣ್ಣಗಿರುವಾಗ ಎರಡೂ ವೈರ್ ತೆಗೆದು ಪ್ಲಸ್-ಮೈನಸ್ ನಡುವೆ ಎಷ್ಟು ಓಮ್ ಇದೆ ಅಂತಲೂ ಬರೆಯಿರಿ, ನನಗೆ ಒಂದು ಅನುಮಾನ ಇದೆ.

ಯಾದವಗಿರಿ ಟು ಸ್ಟ್ರೋಕ್, ಮೈಸೂರು

ನಾನು ಎಂಜಿ ಮುಟ್ಟಿದವನಲ್ಲ, ಜಾವಾ ಯೆಜ್ಡಿ ಬೈಕ್ ಕಟ್ಟುವವನು. ಆದರೆ ಈ ಲಕ್ಷಣ ಓದಿದ ಕೂಡಲೇ ಬರೆಯೋಣ ಅನ್ನಿಸಿತು, ಯಾಕಂದರೆ ನಮ್ಮಲ್ಲಿ ಇದು ದಿನಾ ನೋಡುವ ಕಾಯಿಲೆ. ಮೈಸೂರಿಂದ ಬೆಟ್ಟಕ್ಕೆ ಹೊರಟ ಗಾಡಿ ಅರ್ಧ ದಾರಿಯಲ್ಲಿ ನಿಲ್ಲುತ್ತೆ, ಒಂದು ಕಾಫಿ ಕುಡಿಯುವಷ್ಟರಲ್ಲಿ ಮತ್ತೆ ಸ್ಟಾರ್ಟ್. ಹತ್ತರಲ್ಲಿ ಏಳೆಂಟು ಸಲ ಕಂಡೆನ್ಸರ್. ಬಿಸಿಯಾದಾಗ ಮಾತ್ರ ಕೈ ಕೊಡುತ್ತೆ.

"ಹೊಸದು ಹಾಕಿದ್ದೀನಿ" ಅಂತ ಬರೆದಿದ್ದೀರಲ್ಲ, ನಾನು ಅದನ್ನೇ ಮೊದಲು ನೋಡೋದು. ಇಲ್ಲಿನ ಜಾವಾ ಯೆಜ್ಡಿ ಫ್ಯಾಕ್ಟರಿ 1996ರಲ್ಲಿ ಮುಚ್ಚಿತು, ಅಂದರೂ ಆ ಕಾಲದ ಕಂಡೆನ್ಸರ್ ಇವತ್ತಿಗೂ ಕೆಲಸ ಮಾಡುವ ಗಾಡಿಗಳು ಇಲ್ಲಿವೆ, ಹೋದ ವರ್ಷ ತಂದದ್ದು ಮಳೆಗಾಲ ದಾಟುವುದಿಲ್ಲ. ಹಳೇ ಪಾರ್ಟ್ ಚೆನ್ನಾಗಿದ್ದರೆ ಬಿಸಾಡಬೇಡಿ ಅಂತ ನನ್ನ ಹತ್ತಿರ ಬರುವ ಹುಡುಗರಿಗೆಲ್ಲ ಹೇಳ್ತೀನಿ. ನಿಮ್ಮ ಗಾಡಿಯಿಂದ ಬಿಚ್ಚಿದ ಹಳೇ ಕಂಡೆನ್ಸರ್ ಇನ್ನೂ ಇದೆಯಾ?

ಹಾಸನದ ಹುಡುಗ, ಲೆಸ್ಟರ್

ಸಿಕ್ಕಿತು! ಸ್ವಲ್ಪ ಉದ್ದ ಬರೀತೀನಿ, ಮುಂದೆ ಬೇರೆಯವರಿಗೂ ಬೇಕಾಗಬಹುದು.

ಮನೆ ಮುಂದೆ 35 ನಿಮಿಷ ಓಡಿದ ಮೇಲೆ ಆಫ್ ಆಯ್ತು. ಪ್ಲಸ್‌ನಲ್ಲಿ 12.1. ಮೈನಸ್‌ನಲ್ಲಿ ಸೊನ್ನೆ, ಪಾಯಿಂಟ್ ತೆರೆದಿದ್ದರೂ ಸೊನ್ನೆ. ಬಿಳಿ-ಕಪ್ಪು ವೈರ್ ಕಿತ್ತೆ, ಮೈನಸ್ ಟಕ್ಕಂತ 12ಕ್ಕೆ ಬಂತು. ಅಂದರೆ ಕಾಯಿಲ್ ಅಲ್ಲ. ವೈರ್ ಮತ್ತೆ ಸಿಕ್ಕಿಸಿ, ಡಿಸ್ಟ್ರಿಬ್ಯೂಟರ್ ಒಳಗೆ ಪಾಯಿಂಟ್ ಕಂಬದಿಂದ ಕಂಡೆನ್ಸರ್ ವೈರ್ ಮಾತ್ರ ಬಿಡಿಸಿದೆ. ಮತ್ತೆ 12! ಕಂಡೆನ್ಸರ್ ಬಿಚ್ಚಿ ಬಿಸಿ ಇರುವಾಗಲೇ ಅಳೆದರೆ ಎರಡು ಓಮ್‌ಗಿಂತ ಕಡಿಮೆ, ಸೀದಾ ಶಾರ್ಟ್. ಅಡುಗೆಮನೆ ಕಟ್ಟೆ ಮೇಲೆ ಇಟ್ಟು ಮೀಟರ್ ಹಿಡಿದುಕೊಂಡೇ ಕೂತೆ. ಏಳೆಂಟು ನಿಮಿಷ ಆದ ಮೇಲೆ ಅಂಕಿ ಕುಣಿಯೋಕೆ ಶುರುವಾಯಿತು, ಆಮೇಲೆ ಮೀಟರ್‌ನಲ್ಲಿ ಏನೂ ಇಲ್ಲ, ಚೆನ್ನಾಗಿರುವ ಕಂಡೆನ್ಸರ್ ತೋರಿಸುವ ಹಾಗೆಯೇ ತೋರಿಸಿತು. ಮೂರು ವಾರ ಯಾಕೆ ಸಿಗಲಿಲ್ಲ ಅಂತ ಆಗ ಅರ್ಥವಾಯಿತು.

ಯಾದವಗಿರಿ ಅಣ್ಣ, ಹಳೇದು ಇತ್ತು. ಬಿಚ್ಚಿದ್ದನ್ನೆಲ್ಲ ಬಿಸ್ಕತ್ ಡಬ್ಬಿಯಲ್ಲಿ ಹಾಕಿಟ್ಟಿದ್ದೆ. ಅದನ್ನೇ ಹಾಕಿದ್ದೇನೆ.

ಸರ್, ಕಾಯಿಲ್ ತಣ್ಣಗಿರುವಾಗ 1.5 ಓಮ್ ಬಂತು. ಪಾಯಿಂಟ್ ಮುಖವೂ ಸುಟ್ಟು ನೀಲಿ ಆಗಿದೆ, ಒಂದು ಕಡೆ ಗುಂಡಿ, ಇನ್ನೊಂದು ಕಡೆ ಸಾಸಿವೆ ಕಾಳಿನಷ್ಟು ಗುಬುಟು.

ರೆಡಿಂಗ್ ಜಿಟಿ

ಶಭಾಷ್. ನನ್ನ ಅನುಮಾನ ಇದೇ ಆಗಿತ್ತು. ನಿಮ್ಮ ಗಾಡಿಗೆ 1.5 ಓಮ್ ಕಾಯಿಲ್ ಹಾಕಲೇಬಾರದು. ಅದು ಬ್ಯಾಲಸ್ಟ್ ಇರುವ, ಆಮೇಲಿನ ರಬ್ಬರ್ ಬಂಪರ್ ಗಾಡಿಗಳದ್ದು. ಅವುಗಳಲ್ಲಿ ಕಾಯಿಲ್‌ಗೆ ಮುಂಚೆ ಒಂದು ರೆಸಿಸ್ಟೆನ್ಸ್ ವೈರ್ ಇರುತ್ತೆ. ನಿಮ್ಮದರಲ್ಲಿ ಅದಿಲ್ಲ, ಪೂರ್ತಿ 12 ವೋಲ್ಟ್ ನೇರವಾಗಿ ಬರುತ್ತೆ. 3 ಓಮ್ ಕಾಯಿಲ್ ಆದರೆ 4 ಆಂಪ್, 1.5 ಆದರೆ 8 ಆಂಪ್. ಅಷ್ಟೂ ಕರೆಂಟನ್ನು ಆ ಪುಟ್ಟ ಪಾಯಿಂಟ್ ಕತ್ತರಿಸಬೇಕು, ಸುಡದೆ ಏನು ಮಾಡೀತು? ಕಂಡೆನ್ಸರ್ ಒಂದನ್ನೇ ಬದಲಾಯಿಸಿ ಬಿಟ್ಟಿದ್ದರೆ ಸ್ವಲ್ಪ ದಿನದಲ್ಲೇ ಪಾಯಿಂಟ್ ಸುಟ್ಟು ಮತ್ತೆ ರಸ್ತೆಯಲ್ಲಿ ನಿಲ್ಲುತ್ತಿದ್ದಿರಿ.

3 ಓಮ್ ಕಾಯಿಲ್ ತನ್ನಿ. ಪೆಟ್ಟಿಗೆ ಮೇಲೆ ಬರೆದದ್ದನ್ನು ನಂಬದೆ ಅಂಗಡಿಯಲ್ಲೇ ಅಳೆಯಿರಿ. ಹೊಸ ಪಾಯಿಂಟ್ ಹಾಕಿ, ಗ್ಯಾಪ್ 15 ಥೌ, ಅಂದರೆ 0.38 ಮಿ.ಮೀ. ಪಾಯಿಂಟ್ ತೆರೆಯುವ ಕ್ಯಾಮ್‌ಗೆ ಅಕ್ಕಿ ಕಾಳಿನಷ್ಟು ಗ್ರೀಸ್, ಜಾಸ್ತಿ ಬೇಡ, ಪಾಯಿಂಟ್ ಮುಖಕ್ಕೆ ಹಾರಿದರೆ ಕಷ್ಟ. ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತೆ, ಅದನ್ನೂ ನೋಡಿ.

ಎಲೆಕ್ಟ್ರಾನಿಕ್ ವಿಚಾರ. ಹಾಕಬೇಡಿ ಅನ್ನಲ್ಲ, ಆದರೆ ಈಗಲೇ ಬೇಡ. ಒಂದು ಸಾವಿರ ಮೈಲಿ ಪಾಯಿಂಟ್ ಮೇಲೆ ಓಡಿಸಿ, ಗಾಡಿ ಹೇಗಿರಬೇಕು ಅಂತ ಗೊತ್ತಾಗಲಿ. ಆ ಮಾಡ್ಯೂಲ್‌ಗೂ ಕಾಯಿಲ್ ಎಷ್ಟು ಓಮ್ ಇರಬೇಕು ಅಂತ ಲೆಕ್ಕ ಇದೆ. ನಿಮ್ಮ ಈಗಿನ ಕಾಯಿಲ್ ಮೇಲೇ ಅದನ್ನು ಹಾಕಿದ್ದರೆ ಮಾಡ್ಯೂಲೂ ಸುಡಬಹುದಿತ್ತು. ಸುಟ್ಟರೆ ರಸ್ತೆ ಬದಿಯಲ್ಲಿ ಮಾಡುವಂಥದ್ದು ಏನೂ ಇಲ್ಲ, ಪಾಯಿಂಟ್ ಆದರೆ ಸ್ಕ್ರೂಡ್ರೈವರ್ ಮತ್ತು ಎಮರಿ ಪೇಪರ್ ಸಾಕು, ಮನೆ ತಲುಪಬಹುದು. ಮುಂದೆ ಹಾಕಿದರೂ ಕಟ್ಟಿ ಹೊಂದಿಸಿದ ಒಂದು ಸೆಟ್ ಪಾಯಿಂಟ್ ಡಿಕ್ಕಿಯಲ್ಲಿ ಇಟ್ಟಿರಿ.

ಮಂಜು ಮಿಡ್‌ಲ್ಯಾಂಡ್ಸ್

ಆವಿ ಅಂತ ಹೇಳಿ ನಾನು ದಾರಿ ತಪ್ಪಿಸಿದೆ, ಕ್ಷಮಿಸಿ. ಮುಳ್ಳಿನ ಪರೀಕ್ಷೆ ನನಗೂ ಹೊಸದು, ಬರೆದಿಟ್ಟುಕೊಂಡೆ. ಸುತ್ತಿದ ಪಟ್ಟಿ ಇರಲಿ ಬಿಡಿ, ಅದರಿಂದ ಕೆಡುಕೇನೂ ಇಲ್ಲ. ಪೈಪ್ ಮಾತ್ರ ಎಥೆನಾಲ್ ತಡೆಯುವಂಥದ್ದೇ ಅಂತ ಖಾತ್ರಿ ಮಾಡ್ಕೊಳ್ಳಿ.

ಹಾಸನದ ಹುಡುಗ, ಲೆಸ್ಟರ್

ಕೊನೆಯ ಸುದ್ದಿ. 3.1 ಓಮ್ ಕಾಯಿಲ್, ಹೊಸ ಪಾಯಿಂಟ್, ಬಿಸ್ಕತ್ ಡಬ್ಬಿಯ ಕಂಡೆನ್ಸರ್. ಭಾನುವಾರ ಹೆಂಡತಿ ಜೊತೆ ಮೇಲಿನ ಬಟ್ಟೆ ಹುಡ್ ತೆಗೆದು 60 ಮೈಲಿ ಹೋಗಿ ಬಂದೆವು, ಎಲ್ಲೂ ನಿಲ್ಲಲಿಲ್ಲ. ವಾಪಸ್ ಬಂದ ಕೂಡಲೇ ಕಾಯಿಲ್ ಮುಟ್ಟಿದೆ, ಬೆಚ್ಚಗಿತ್ತು, ಕೈ ಇಟ್ಟುಕೊಂಡೇ ನಿಲ್ಲಬಹುದಿತ್ತು. ಐಡ್ಲಿಂಗ್‌ನಲ್ಲಿ ಮೊದಲು ಇದ್ದ ಸಣ್ಣ ನಡುಕವೂ ಹೋಗಿದೆ, ಕಾರ್ಬ್ಯುರೇಟರ್‌ದು ಅಂದುಕೊಂಡು ಅದರ ಹಿಂದೆ ಎಷ್ಟು ದಿನ ಬಿದ್ದಿದ್ದೆ.

ಕೆಟ್ಟ ಕಂಡೆನ್ಸರ್ ಗರಗಸದಲ್ಲಿ ಕೊಯ್ದು ನೋಡಿದೆ. ಒಳಗೆ ಬೆಳ್ಳಿ ಬಣ್ಣದ ಹಾಳೆ ಸುರುಳಿ ಸುತ್ತಿಟ್ಟಿದ್ದಾರೆ, ಬಿಡಿಸಿದರೆ ಮೇಜಿನ ಉದ್ದಕ್ಕೂ ಬಂತು. ಒಂದು ಅಂಚಿನಲ್ಲಿ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ ಇದೆ.

ಯಾದವಗಿರಿ ಟು ಸ್ಟ್ರೋಕ್, ಮೈಸೂರು

ಆ ಚುಕ್ಕೆಯ ಫೋಟೋ ಹಾಕಿ ಮಾರಾಯ್ರೆ, ಇಲ್ಲಿಯ ಹುಡುಗರಿಗೆ ತೋರಿಸ್ತೀನಿ.